ಎರಡನೇ ಸಲ ಅಲುಗಿದ ಪರದೆ

ನನ್ನ ತಂಗಿ ಚಂದನಾ ಸಿನಿಮಾ ನೋಡುವಾಗ ಮೊದಲು ಸೌಂಡ್ ತೆಗೆದುಬಿಡುತ್ತಾಳೆ. ಮಾತು ಕೇಳಿಸುತ್ತಿದ್ದರೆ ಕಣ್ಣು ಸೋಮಾರಿಯಾಗುತ್ತದಂತೆ. ಅವರ ಭೀಮೇಶ್ ಸರ್ ಹಾಗೆ ಹೇಳಿಕೊಟ್ಟಿದ್ದಾರೆ. ಹಗರಿಬೊಮ್ಮನಹಳ್ಳಿಯಲ್ಲಿ ಅವಳು ಬಿ.ಎ. ಓದುತ್ತಾಳೆ. ಈ ವರ್ಷ ಸಿನಿಮಾದ ದೃಶ್ಯ ನೋಡಿ ಬರೆಯುವುದು, ಫೋನಿನಲ್ಲಿ ವಿಡಿಯೊ ಮಾಡುವುದು ಎಂದು ಒಂದು ವಿಷಯವೇ ಬಂದಿದೆ. ಅದನ್ನು ಕೇಳಿದ ದಿನ ಅವ್ವ ಸುಂಕಮ್ಮ ಒಲೆ ಮುಂದೆ ಕೂತೇ ನಕ್ಕಳು.

"ಸಿನಿಮಾ ನೋಡಾಕ ಕಾಲೇಜಿಗೆ ಯಾಕ ಹೋಗ್ಬೇಕು? ಟಿವಿ ಮುಂದ ಕುಂತು ನಾನೂ ಪಾಸಾಗ್ತೀನಿ."

"ನೀ ಬರೇ ಅಳ್ತಿ ಯವ್ವ. ಅತ್ರ ಮಾರ್ಕ್ಸ್ ಕೊಡಲ್ಲ. ಯಾಕ ಅಳು ಬಂತು ಅಂತ ಬರೀಬೇಕು."

ಅವ್ವನಿಗೆ ಹೀಗೆ ಎದುರು ಮಾತಾಡುವುದು ನನ್ನಿಂದಾಗದು. ನಾನು ಎಂಟನೇ ತರಗತಿಗೆ ಶಾಲೆ ಬಿಟ್ಟವಳು. ಮೇಷ್ಟ್ರು ಹೆಸರು ಹಿಡಿದು ಕರೆದರೆ ಉತ್ತರ ಗೊತ್ತಿದ್ದರೂ ಬೆಂಚಿನ ಕೆಳಗೆ ಬಗ್ಗಿ ಏನೋ ಹುಡುಕುತ್ತಿದ್ದೆ. ಈಗ ಮನೆಯಲ್ಲಿ ಜಂಪರು ಹೊಲಿಯುತ್ತೇನೆ. ಬಟ್ಟೆ ಕೊಡಲು ಬಂದವರ ಜೊತೆ ಅವ್ವ ಮಾತಾಡುತ್ತಾಳೆ. ನಾನು ಒಳಬಾಗಿಲ ಹಿಂದೆ ನಿಂತು, ತೋಳು ಎಷ್ಟು, ಕೊರಳು ಎಷ್ಟು ಎಂದು ಕೇಳಿಸಿಕೊಳ್ಳುತ್ತೇನೆ. ನನಗೆ ಅದೇ ಹಿತ.

ಚಂದನಾ ಬರೆಯಲು ಆರಿಸಿಕೊಂಡದ್ದು ಒಂದು ಹಳೆಯ ಕಪ್ಪು-ಬಿಳುಪು ಸಿನಿಮಾದ ಸಣ್ಣ ದೃಶ್ಯ. ಹೆಣ್ಣು ಕೇಳಲು ಗಂಡಿನ ಕಡೆಯವರು ಬಂದಿದ್ದಾರೆ. ಪಡಸಾಲೆಯಲ್ಲಿ ನಗು, ಮಾತು, ಎಲೆ-ಅಡಿಕೆ. ಹುಡುಗಿಯನ್ನು ಒಮ್ಮೆಯೂ ತೋರಿಸುವುದಿಲ್ಲ. ಹಿಂದುಗಡೆ ಅಡುಗೆಮನೆ ಬಾಗಿಲಿಗೆ ಒಂದು ಪರದೆ ಇಳಿಬಿಟ್ಟಿರುತ್ತದೆ, ಪಕ್ಕದ ಗೂಟದಲ್ಲಿ ಒಂದು ಟುವಾಲು. ನಾನು ನೋಡಿದಾಗ ಮಾತಾಡುವವರ ಮುಖವನ್ನೇ ನೋಡಿದೆ. ಅವಳು ಗಾಜು ಸೀಳುಬಿಟ್ಟ ತನ್ನ ಫೋನನ್ನು ಮೂಗಿನ ಹತ್ತಿರ ಹಿಡಿದು, ಮುಂದಕ್ಕೆ ಹಿಂದಕ್ಕೆ ಎಳೆದು, ದಿನಗಟ್ಟಲೆ ಆ ಪರದೆಯನ್ನೇ ನೋಡಿದಳು.

"ಅಕ್ಕಾ, ಇಲ್ಲಿ ನೋಡು. ಪರದಿ ಎರಡು ಸಲ ಅಲಗ್ತೈತಿ."

"ಗಾಳಿ ಇರ್ಬೇಕು."

"ಮೊದಲ್ನೇ ಸಲ ಗಾಳಿ. ಟುವಾಲೂ ಅಲಗ್ತು ನೋಡು. ಎರಡನೇ ಸಲ ಟುವಾಲು ಅಲಗಂಗಿಲ್ಲ, ಪರದಿ ಅಷ್ಟೇ ಅಲಗ್ತೈತಿ. ಅದೂ ಯಾವಾಗ? ಅವರಪ್ಪ 'ನಮ್ಮ ಹುಡುಗೀದು ಏನೂ ತಕರಾರಿಲ್ಲ' ಅಂದಾಗ. ಆಕಿ ಅಲ್ಲೇ ಹಿಂದ ನಿಂತಾಳ. ಕೇಳ್ಸಿಕೆಂತ ಅದಾಳ."

ಅವಳು ಹೇಳಿದ ಮೇಲೆ ನನಗೆ ಬೇರೇನೂ ಕಾಣಿಸಲಿಲ್ಲ. ನನಗಿಂತ ಚಿಕ್ಕವಳು, ನಾನೇ ಎತ್ತಿ ಆಡಿಸಿದವಳು, ಯಾರೂ ತೋರಿಸದ ಹುಡುಗಿಯನ್ನು ಹುಡುಕಿ ತೆಗೆದಿದ್ದಳು.

ನಾಲ್ಕು ಪುಟ ಬರೆದು ಕೊಟ್ಟಳು. ಕ್ಲಾಸಿನಲ್ಲಿ ಓದಿಸಿದರಂತೆ. ಓದಿ ಮುಗಿಯುವ ಮೊದಲೇ ಚನ್ನಬಸವ ಎನ್ನುವ ಹುಡುಗ ಎದ್ದು, "ಸರ್, ಇದು ಯೂಟ್ಯೂಬಿಂದು. ಯಾರೋ ದೊಡ್ಡೋರು ಹೇಳಿದ್ದನ್ನ ಎತ್ಯಾಳ" ಎಂದನಂತೆ. ಎಲ್ಲರೂ ನಕ್ಕರು. ಭೀಮೇಶ್ ಸರ್ ನಗಲಿಲ್ಲ. ಆದರೆ ಅವರಿಗೂ ಅನುಮಾನ ಇತ್ತೇನೋ, ಅಂಕದ ಜಾಗ ಖಾಲಿ ಬಿಟ್ಟು ಹಾಳೆ ವಾಪಸ್ ಕೊಟ್ಟರು. "ಇನ್ನೇನು ವಿಡಿಯೊ ಮಾಡೋದೈತಲ್ಲ. ಈ ಕಣ್ಣು ನಿಂದೇ ಆಗಿದ್ರ ಅದ್ರಾಗ ಕಾಣ್ತೈತಿ" ಎಂದರು.

ಆ ರಾತ್ರಿ ಅವಳು ಉಣ್ಣಲಿಲ್ಲ. "ಕಡಿಮಿ ಮಾರ್ಕ್ಸ್ ಕೊಟ್ಟಿದ್ರೂ ಪರವಾಗಿರಲಿಲ್ಲ ಅಕ್ಕ. ನಾ ನೋಡಿದ್ದು ನಂದಲ್ಲ ಅಂದ್ರಲ್ಲ" ಎಂದಳು. ಅವಳು ನೋಡಿದ್ದನ್ನು ಕಣ್ಣಾರೆ ಕಂಡವಳು ನಾನೊಬ್ಬಳೇ. ನನ್ನನ್ನು ಕೇಳುವವರು ಯಾರು? ಕೇಳಿದರೂ ನನಗೆ ಹೇಳಲು ಬರುತ್ತಿತ್ತೇ?

ವಿಡಿಯೊದ ವಿಷಯ 'ಕಾಯುವುದು'. ಮೂರು ನಿಮಿಷ. ಮಾತು ಇರಬಾರದು, ಅಕ್ಷರವೂ ಬರಬಾರದು, ಹಾಡು ಬೇಕಾದರೆ ಹಾಕಿಕೊಳ್ಳಬಹುದು.

ನಮ್ಮದು ಕುರಿ ಸಾಕುವ ಮನೆ. ಮುಂಜಾನೆ ಅಪ್ಪ ದೊಡ್ಡಬೀರಪ್ಪ ರೊಪ್ಪದ ಮುಳ್ಳುಬೇಲಿ ಸರಿಸಿ ಕುರಿ ಹೊರಗೆ ಬಿಡುತ್ತಾನೆ, ಸಂಜೆ ಧೂಳಿನೊಂದಿಗೆ ಹಿಂಡು ವಾಪಸ್ ಬರುತ್ತದೆ. ಇವೆರಡರ ನಡುವೆ ಮನೆಯಲ್ಲಿ ಒಬ್ಬಳು ಕಾಯುತ್ತಾಳೆ, ಅಷ್ಟೇ ಕತೆ. ಆ ಒಬ್ಬಳು ನಾನಾಗಬೇಕು ಎಂದಳು.

"ನಾ ಒಲ್ಲೆವ್ವಾ."

"ಮುಖ ತೋರ್ಸಂಗಿಲ್ಲ ಅಕ್ಕ. ದಿನಾ ಹೆಂಗ ನಿಂದರ್ತಿ ಹಂಗ ನಿಂದ್ರು. ಬಾಗಿಲ ಚೌಕಟ್ಟಿನ ಮ್ಯಾಲ ಕೈ ಇಟ್ಟಿರ್ತಿಯಲ್ಲ, ಅಷ್ಟು ಸಾಕು."

ನಾನು ಕೈ ಇಡುತ್ತೇನೆಂದು ನನಗೇ ಗೊತ್ತಿರಲಿಲ್ಲ.

ಭಾನುವಾರ ಮುಂಜಾನೆ ಅಪ್ಪ ಮದುವೆಗೆ ಸುತ್ತುವ ಕೆಂಪು ರುಮಾಲು ಸುತ್ತಿಕೊಂಡು ಬಂದ.

"ಅಪ್ಪಾ, ಇದೇನು? ದಿನದ್ದು ಸುತ್ತಿಕೋ."

"ಕಾಲೇಜಿನೋರು ನೋಡ್ತಾರಲ್ಲವ್ವ."

"ಅವರು ಕುರಿ ನೋಡ್ಬೇಕು, ನಿನ್ನ ರುಮಾಲು ಅಲ್ಲ."

"ಹಂಗಂದ್ರ ಕುರಿಗೇ ಸುತ್ತು" ಎಂದು ಬೈಯುತ್ತ ಬದಲಿಸಿದ. ಬೇಲಿ ಸರಿಸುವ ಮುಂಚೆ ಮೂರು ಸಲ ಫೋನಿನ ಕಡೆ ತಿರುಗಿ "ಶುರು ಆತೇನು?" ಎಂದು ಕೇಳಿದ. ಕೊನೆಗೆ ಅವಳು ಶುರುವಾಗಿಲ್ಲ ಎಂದು ಸುಳ್ಳು ಹೇಳಿದಳು, ಆಗ ಚೆನ್ನಾಗಿ ಬಂತು. ಮೈತುಂಬ ಕರಿ ಉಣ್ಣೆ ಹೊತ್ತ ಕುರಿಗಳು ಒಂದನ್ನೊಂದು ತಳ್ಳುತ್ತ, ನನ್ನ ಕೈಯನ್ನು ದಾಟಿ ಹೊರಟುಹೋದವು.

ಸಂಜೆ ಹಿಂಡು ವಾಪಸ್ ಬರುವ ಹೊತ್ತಿಗೆ ಸರಿಯಾಗಿ ಫೋನು ಮೆಮೊರಿ ಫುಲ್ ಎಂದಿತು. "ಆ ಸಿನಿಮಾದ್ದು ತೆಗೆದು ಒಗಿ" ಎಂದೆ. "ಅದೊಂದು ಬ್ಯಾಡ" ಎಂದು ಬೇರೆ ಫೋಟೊಗಳನ್ನು ಅಳಿಸುತ್ತ ಕೂತಳು. ಅಷ್ಟರಲ್ಲಿ ಕುರಿ ರೊಪ್ಪ ಸೇರಿದ್ದವು. ವಾರದ ದಿನ ಅವಳು ಮೊದಲ ಬಸ್ಸಿಗೆ ಹೋದರೆ ಬರುವುದು ಕತ್ತಲಾದ ಮೇಲೆ. ಉಳಿದದ್ದನ್ನು ಮುಂದಿನ ಭಾನುವಾರ ತೆಗೆಯುವುದು, ಸೋಮವಾರ ತೋರಿಸುವುದು ಎಂದಾಯಿತು.

ಗುರುವಾರ ಮುಂಜಾನೆ ಮಾವ ಬೀರಲಿಂಗೇಶ್ ನೆಂಟರನ್ನು ಕರೆದುಕೊಂಡು ಕತ್ತರಿ ಹಿಡಿದು ಬಂದ. ನಮ್ಮಲ್ಲಿ ಉಣ್ಣೆ ಕತ್ತರಿಸುವುದು ಮುಯ್ಯಿ ಕೆಲಸ. ಇವತ್ತು ಅವರು ನಮ್ಮ ಕುರಿಗೆ, ನಾಳೆ ನಾವು ಅವರ ಕುರಿಗೆ. ಸರದಿ ಬಂದ ದಿನ ಬೇಡ ಎನ್ನುವಂತಿಲ್ಲ. ನಾನು ಅವರಿಗೆಲ್ಲ ಚಹಾ ಮಾಡಿದೆ. ಮಧ್ಯಾಹ್ನದ ಹೊತ್ತಿಗೆ ಹಿಂಡು ಹಿಂಡೇ ಬೋಳಾಗಿ, ಪಕ್ಕೆಲುಬು ತೋರಿಸಿಕೊಂಡು ನಾಚಿಕೊಂಡಂತೆ ನಿಂತಿತ್ತು. ಅಷ್ಟಾದರೂ ನಮಗ್ಯಾರಿಗೂ ವಿಡಿಯೊ ನೆನಪಾಗಲಿಲ್ಲ. ಉಣ್ಣೆ ಇದ್ದರೂ ಕತ್ತರಿಸಿದರೂ ಕುರಿ ಮನೆಯವರಿಗೆ ಅವು ಅವೇ ಕುರಿ. ಹೆಚ್ಚೇನು, ಕತ್ತರಿಸುವ ಕಾಲ ಬಂತೆಂಬುದು ಚಂದನಾಗೇ ಹೊಳೆದಿರಲಿಲ್ಲ.

ಕತ್ತಲಾದ ಮೇಲೆ ಚಂದನಾ ಬಂದು ಫೋನಿನ ಬೆಳಕು ಬಿಟ್ಟು ರೊಪ್ಪದ ಮುಂದೆ ನಿಂತಳು.

"ಅಪ್ಪಾ! ಉಣ್ಣಿ ಎಲ್ಲೈತಿ?"

"ಚೀಲದಾಗ ಐತಿ. ಬೇಕೇನು?"

"ಮುಂಜಾನಿ ಉಣ್ಣಿ ಹೊತ್ಕಂಡು ಹೋದ ಕುರಿ ಸಂಜಿಗೆ ಬೋಳಾಗಿ ಬಂದ್ರ ಕ್ಲಾಸಿನ್ಯಾಗ ನಗಂಗಿಲ್ಲೇನು?"

"ದಾರ್ಯಾಗ ಯಾರೋ ಕತ್ರಸ್ಕಂಡು ಹೋದ್ರು ಅನ್ನು" ಎಂದು ಅಪ್ಪ ನಕ್ಕ. ಅವನೊಬ್ಬನೇ ನಕ್ಕದ್ದು.

ಅವ್ವ ಸುಲಭದ ದಾರಿ ಹೇಳಿದಳು. "ಅದಕ್ಯಾಕ ಅಳ್ತಿ? ಭಾನುವಾರ ಮುಂಜಾನಿದೂ ಸಂಜಿದೂ ಎರಡೂ ಹೊಸದಾಗಿ ತೆಗಿ. ಎರಡ್ರಾಗೂ ಬೋಳೇ ಇರ್ತಾವ."

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಚಂದನಾ ಮುಂಜಾನೆಯ ವಿಡಿಯೊ ಹಾಕಿಕೊಂಡು, ಸೌಂಡ್ ತೆಗೆದು, ಅದನ್ನೇ ನೋಡುತ್ತ ಕೂತಳು. ಆಮೇಲೆ ಎದ್ದು ಹೋಗಿ ಒಂದು ಬೋಳು ಕುರಿಯ ಬೆನ್ನ ಮೇಲೆ ಕೈಯಾಡಿಸಿದಳು. ಬರುವಾಗ ಮುಖವೇ ಬೇರೆಯಾಗಿತ್ತು.

"ಅಕ್ಕಾ, ಹೊಸದಾಗಿ ತೆಗ್ಯಂಗಿಲ್ಲ. ಉಣ್ಣಿ ಇದ್ದ ಕುರಿ ಹೋಗ್ತಾವ, ಬೋಳು ಕುರಿ ಬರ್ತಾವ. ನಡುವ ಏನೂ ಹಾಕಂಗಿಲ್ಲ."

"ಮಂದಿ ತಪ್ಪು ಅಂತಾರ."

"ಅನ್ನಲಿ. ಅಕ್ಷರ ಹಾಕ್ಬಾರ್ದಲ್ಲ? ಎಷ್ಟು ದಿನ ಕಾದಳು ಅಂತ ಕುರಿ ಹೇಳ್ಲಿ."

ನನಗೆ ಭಯವಾಯಿತು. ಮೊದಲೇ ಕಳ್ಳಿ ಎಂದವರು ಈಗ ಪೆದ್ದಿ ಎಂದೂ ಅನ್ನುತ್ತಾರೆ. ಅವಳಿಗೂ ಭಯ ಇತ್ತು, ಭಾನುವಾರ ಸಂಜೆ ಹಿಂಡು ಬರುವ ಮೊದಲು ಫೋನಿನಲ್ಲಿ ಜಾಗ ಇದೆಯೇ ಎಂದು ಮತ್ತೆ ಮತ್ತೆ ನೋಡಿದಳು. ಆದರೂ ಬಿಡಲಿಲ್ಲ. ನಾನು ಹೋದ ಭಾನುವಾರದ್ದೇ ಸೀರೆ, ಬಳೆ ಹಾಕಿದ್ದೆ, ಬದಲಿಸಲೇ ಎಂದು ಕೇಳಿದೆ. "ಬ್ಯಾಡ. ಕುರಿ ಬದ್ಲಾಗ್ಲಿ. ನೀ ಹಂಗೇ ಇರು" ಎಂದಳು.

ವಿಡಿಯೊದಲ್ಲಿ ಇದ್ದವರೂ ಕ್ಲಾಸಿಗೆ ಬರಬಹುದು ಎಂದು ಭೀಮೇಶ್ ಸರ್ ಹೇಳಿದ್ದರು. ಅಪ್ಪ ಕುರಿ ಬಿಟ್ಟು ಬರುವಂತಿರಲಿಲ್ಲ. ನಾನು ಹೋದೆ. ಶಾಲೆ ಬಿಟ್ಟ ಮೇಲೆ ಬೆಂಚಿನ ಮೇಲೆ ಕೂತದ್ದು ಅವತ್ತೇ. ಕೊನೆಯ ಬೆಂಚು, ಪಕ್ಕದಲ್ಲೇ ಬಾಗಿಲು. ಭೀಮೇಶ್ ಸರ್ ತೆಳ್ಳಗೆ, ಎತ್ತರಕ್ಕೆ ಇದ್ದರು. ಕಿಟಕಿಗಳಿಗೆ ತಾವೇ ಹಾಳೆ ಅಂಟಿಸಿ, ಪ್ರೊಜೆಕ್ಟರ್ ಹಚ್ಚಿ, ಬಿಳಿ ಗೋಡೆಯ ಮೇಲೆ ಒಬ್ಬೊಬ್ಬರದನ್ನೇ ತೋರಿಸಿದರು. ಚನ್ನಬಸವನದು ಕೂಡ್ಲಿಗಿ ಬಸ್ ಸ್ಟ್ಯಾಂಡು. ಗೆಳೆಯನೊಬ್ಬ ಕಪ್ಪು ಕನ್ನಡಕ ಹಾಕಿಕೊಂಡು ನಿಧಾನವಾಗಿ ತಿರುಗುತ್ತಾನೆ, ಹಿಂದೆ ಜೋರು ಹಾಡು. ಎಲ್ಲರೂ ಸಿಳ್ಳೆ ಹಾಕಿದರು.

ನಮ್ಮದು ಬಂತು. ಗೋಡೆಯ ತುಂಬ ನಮ್ಮ ಬಾಗಿಲು. ನನ್ನ ಕೈ. ಕರಿ ಉಣ್ಣೆಯ ಹಿಂಡು ಹೋಯಿತು, ಗಂಟೆ ಸದ್ದು ಸಣ್ಣದಾಯಿತು. ಖಾಲಿ ದಾರಿ. ಮತ್ತೆ ಗಂಟೆ. ಧೂಳಿನೊಳಗಿಂದ ಬೋಳು ಕುರಿಗಳು ಬಂದವು. ಕೈ ಅಲ್ಲೇ ಇತ್ತು.

"ಹೋ! ಉಣ್ಣಿ ಎಲ್ಲಿ ಹೋತಲೇ? ಮಿಸ್ಟೇಕ್, ಮಿಸ್ಟೇಕ್!" ಎಂದು ಯಾವನೋ ಕೂಗಿದ. ಕ್ಲಾಸು ನಗತೊಡಗಿತು. ಚಂದನಾ ತಲೆ ತಗ್ಗಿಸಲಿಲ್ಲ, ಗೋಡೆಯನ್ನೇ ನೋಡುತ್ತಿದ್ದಳು.

ಆಗ ಹಡಗಲಿ ಕಡೆಯ ಶೃತಿ ಎನ್ನುವ ಹುಡುಗಿ ಮುಂದಿನ ಬೆಂಚಿನಿಂದ ತಿರುಗಿದಳು. "ಮಿಸ್ಟೇಕ್ ಎಲ್ಲೈತಲೇ? ನಿಮ್ಮನ್ಯಾಗ ಕುರಿ ಇಲ್ಲೇನು? ಉಣ್ಣಿ ಕತ್ರಸೋ ಕಾಲ ದಾಟೈತಿ. ಆಕಿ ಅಷ್ಟು ದಿನಾನೂ ಅಲ್ಲೇ ನಿಂತಾಳ."

ನಗು ನಿಂತಿತು. ಭೀಮೇಶ್ ಸರ್ ವಿಡಿಯೊವನ್ನು ಮತ್ತೊಮ್ಮೆ ಹಾಕಿದರು. ಈ ಸಲ ಬೋಳು ಕುರಿ ಬಂದಾಗ ಯಾರೋ "ಅಯ್ಯೋ" ಎಂದದ್ದು ಕೇಳಿಸಿತು.

"ವಿಡಿಯೊ ಚಲೋ ಐತ್ರಿ ಸರ್" ಎಂದು ಚನ್ನಬಸವ ಎದ್ದ. "ಆದ್ರ ಆ ಪರದಿ ಬರ್ದದ್ದು ಬ್ಯಾರೆ ಮಾತು."

"ಹೌದು, ಅದನ್ನೂ ನೋಡೇಬಿಡೋಣು. ಚಂದನಾ, ಆ ದೃಶ್ಯ ಐತೇನು ನಿನ್ನ ಹತ್ರ?" ಎಂದರು ಭೀಮೇಶ್ ಸರ್.

ಇತ್ತಲ್ಲ. ಅಳಿಸಿರಲಿಲ್ಲವಲ್ಲ.

ಅವಳ ಫೋನಿನಿಂದಲೇ ಗೋಡೆಗೆ ಬಂತು. ಬಾಗಿಲು ನಿಜವಾದ ಬಾಗಿಲಿನಷ್ಟು ದೊಡ್ಡದಾಯಿತು. ಸರ್ ಸೌಂಡ್ ತೆಗೆದರು. ಪರದೆ ಮೊದಲ ಸಲ ಅಲುಗಿತು, ಟುವಾಲೂ ಅಲುಗಿತು. ಆಮೇಲೆ ಟುವಾಲು ನಿಂತಿತು, ಪರದೆ ಅಲುಗಿತು. ಅಲುಗಿದ ಪರದೆಯ ಅಂಚಿನಲ್ಲಿ, ಚೌಕಟ್ಟಿನ ಮೇಲೆ, ಎರಡು ಬೆರಳ ತುದಿ.

"ಬೆರಳು!" ಎಂದು ಮೊದಲು ಕೂಗಿದವಳು ಚಂದನಾ. ಎದ್ದು ನಿಂತು ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಸರ್ ಅಲ್ಲೇ ನಿಲ್ಲಿಸಿದರು. "ಇದನ್ನ ಯಾಕ ಬರೀಲಿಲ್ಲ ನೀನು?"

"ಕಂಡಿರಲಿಲ್ರಿ ಸರ್. ಫೋನಿನ್ಯಾಗ ಕಾಣಂಗೇ ಇಲ್ಲ."

ಚನ್ನಬಸವ ತಲೆ ಕೆರೆದುಕೊಂಡ. "ಕದ್ದಿದ್ರ ಬೆರಳನ್ನೂ ಕದೀತಿದ್ಲು ಬಿಡ್ರಿ ಸರ್" ಎಂದ. ಕ್ಲಾಸಿಗೆ ಕ್ಲಾಸೇ ನಕ್ಕಿತು, ಚಂದನಾ ಎಲ್ಲರಿಗಿಂತ ಜೋರಾಗಿ ನಕ್ಕಳು. ಸರ್ ಕೈ ಚಾಚಿದರು. ಅವಳು ಚೀಲದಿಂದ ಆ ಹಳೆಯ ಹಾಳೆ ತೆಗೆದು ಕೊಟ್ಟಳು. ಅವರು ಮೇಜಿನ ಮೇಲೆ ಬಗ್ಗಿ ಅಂಕದ ಖಾಲಿ ಜಾಗ ತುಂಬಿದರು.

"ಬೆರಳು ಕಾಣದೇನ ಆಕಿ ಅಲ್ಲೇ ಅದಾಳ ಅಂತ ಹೆಂಗ ಗೊತ್ತಾತವ್ವ?"

ಚಂದನಾ ಹಿಂದಕ್ಕೆ ತಿರುಗಿದಳು. "ನಮ್ಮಕ್ಕ ಹಂಗ ನಿಂದರ್ತಾಳ್ರಿ ಸರ್."

ಎಲ್ಲರೂ ತಿರುಗಿದರು. ಬಾಗಿಲು ನನ್ನ ಪಕ್ಕದಲ್ಲೇ ಇತ್ತು. ನನ್ನ ಕೈ ಆಗಲೇ ಅದರ ಚೌಕಟ್ಟಿನ ಮೇಲಿತ್ತು. ಬೇರೆ ದಿನವಾಗಿದ್ದರೆ ಹೊರಗೆ ಹೋಗಿಬಿಡುತ್ತಿದ್ದೆ. "ಹೌದ್ರಿ" ಎಂದೆ. ನನಗೇ ಕೇಳಿಸಿತೋ ಇಲ್ಲವೋ, "ಆಕಿನೇ ನೋಡ್ಯಾಳ್ರಿ. ನಾ ನೋಡೀನಿ, ಆಕಿ ನೋಡಿದ್ದು" ಎಂದೆ.

"ಮುಂದ ಬರ್ರಿ, ಅಲ್ಯಾಕ ಕುಂತೀರಿ?" ಎಂದರು ಸರ್. ಚಂದನಾ ಪಕ್ಕದವಳನ್ನು ಮೊಣಕೈಯಿಂದ ತಳ್ಳಿ ಜಾಗ ಮಾಡಿದಳು. ಹೋಗಿ ಕೂತೆ.

ಮತ್ತೊಬ್ಬರ ವಿಡಿಯೊ ಶುರುವಾಯಿತು. ಅದರಲ್ಲೂ ಜೋರು ಹಾಡು. ಚಂದನಾ ತನ್ನೆರಡು ಅಂಗೈಯನ್ನು ನನ್ನ ಎರಡು ಕಿವಿಗೂ ಒತ್ತಿ ಹಿಡಿದಳು. ಹಾಡು ದೂರವಾಯಿತು. ಅವಳ ತುಟಿ ಅಲುಗಿದ್ದು ಮಾತ್ರ ಕಂಡಿತು. ಈಗ ನೋಡು, ಎನ್ನುತ್ತಿದ್ದಳು.