ಊಟಕ್ಕೆ ಕೊರತೆಯಿಲ್ಲ

ಮರಳುನಾಡಿನಲ್ಲಿ ಯುದ್ಧ ಶುರುವಾದ ಹನ್ನೆರಡನೇ ದಿನ ಅಲ್ಲಿನ ನಮ್ಮ ರಾಯಭಾರ ಕಚೇರಿಯ ವರದಿ ಹುಣಸೂರಿನ ತಾಲ್ಲೂಕು ಕಚೇರಿಗೆ ಬಂತು. ವೀರನಹೊಸಹಳ್ಳಿಯ ಕುಳ್ಳಯ್ಯ ಆ ಮರಳುನಾಡಿನ ಕೋಳಿ ಫಾರಂಗೆ ಕೂಲಿಗೆ ಹೋಗಿ ಎರಡು ವರ್ಷ. ಅವನ ಫೋನು ಸತ್ತು ಒಂಬತ್ತು ದಿನ. ಹೆಂಡತಿ ಪುಟ್ಟಲಕ್ಷ್ಮಿ, ತಾಯಿ ಮರಮ್ಮ ಇಬ್ಬರೂ ಗುಮಾಸ್ತ ಶರತ್‌ನ ಮೇಜಿನ ಮುಂದೆ ನಿಂತಿದ್ದರು.

ಶರತ್ ಇಂಗ್ಲಿಷನ್ನು ಕನ್ನಡ ಮಾಡಿ ಓದಿದ. ಮರಮ್ಮ ಹರಿಕಥೆಗೆ ಕೂತವಳಂತೆ ಕೈಮುಗಿದೇ ಕೇಳಿದಳು. 'ಸದರಿ ವ್ಯಕ್ತಿಯೊಂದಿಗೆ ಯುದ್ಧದ ಮೂರನೇ ದಿನ ದೂರವಾಣಿಯಲ್ಲಿ ಮಾತನಾಡಲಾಗಿದೆ. ಊಟಕ್ಕೆ ಕೊರತೆಯಿಲ್ಲ. ತಾನೇ ಬರುವುದಾಗಿ ತಿಳಿಸಿರುವುದರಿಂದ ವಿಮಾನದ ಪಟ್ಟಿಯಿಂದ ಹೆಸರು ಕೈಬಿಡಲಾಗಿದೆ.'

"ಉಣ್ಣಕ್ಕೈತಂತೆ ಬುಡು," ಎಂದಳು ಮರಮ್ಮ. "ಇಲ್ಲಿ ಮುದ್ದೆ ಗಟ್ಟಿ ಆಯ್ತು ಅಂತ ಮೂತಿ ತಿರುಗುಸ್ತಿದ್ದ."

ಪುಟ್ಟಲಕ್ಷ್ಮಿ ನಗಲಿಲ್ಲ. "ಅವ್ರ ಬಾಯ್ಮಾತು ಬರ್ದಿಲ್ವಾ ಸಾ?"

ಕೊನೆಯ ಹಾಳೆಯಲ್ಲಿತ್ತು, ಕನ್ನಡವೇ, ಇಂಗ್ಲಿಷ್ ಅಕ್ಷರದಲ್ಲಿ. ಶರತ್ ಕೂಡಿಸಿಕೊಂಡು ಓದಿದ. "ಅವ್ವಂಗೇಳಿ... ಏನಾರ ತಪ್ಪು ಮಾಡಿದ್ರೆ ಒಟ್ಟೆಗಾಕ್ಕಳ್ಳಿ... ಬತ್ತೀನಿ."

ಮರಮ್ಮ ಮುಗಿದ ಕೈ ಕೆಳಗಿಳಿಸಿದಳು. ಕ್ಷಮಿಸಿ ಎಂದವನನ್ನು ಉಂಡಿದ್ದಾನೆಂದೂ, ಹೊರಟೆ ಎಂದವನನ್ನು ಬರುತ್ತಾನೆಂದೂ ಅಲ್ಲಿ ಯಾರೋ ಅರೆಗನ್ನಡದವರು ಬರೆದುಕೊಂಡಿದ್ದರು.

"ಬರೀರಿ ಸಾ, ಅಂಗಲ್ಲ ಅಂತ. ಎಸ್ರು ತಿರ್ಗ ಸೇರುಸ್ಲಿ," ಎಂದಳು ಪುಟ್ಟಲಕ್ಷ್ಮಿ.

"ಬರೀತೀನಿ ಅಕ್ಕ. ಡಿಸಿ ಆಫೀಸು, ಅಲ್ಲಿಂದ ಬೆಂಗ್ಳೂರು, ಅಲ್ಲಿಂದ ಡೆಲ್ಲಿ. ಕಡೇ ವಿಮಾನ ನಾಳಿದ್ದು."

ಮೂರು ಸಲ ಹೊಡೆದು ತಿದ್ದಿದ. 'ಬರುತ್ತೇನೆ' ಎಂದರೆ 'ಹೋಗುತ್ತೇನೆ' ಎಂದರ್ಥ: ಇಂಗ್ಲಿಷಿನಲ್ಲಿ ಅದು ಅವನಿಗೇ ಹುಚ್ಚರ ಮಾತಿನಂತೆ ಕಂಡಿತು. ಆದರೂ ಕಳಿಸಿದ.

ಐದನೇ ದಿನ ಉತ್ತರ ಬಂತು. 'ಮೊದಲ ವರದಿಯನ್ನು ಪರಿಶೀಲಿಸಲಾಗಿ, ಸದರಿ ವ್ಯಕ್ತಿ ಬರುತ್ತಿರುವುದು ಖಚಿತವಾಗಿದೆ.'

ಆ ಹೊತ್ತಿಗೆ, ಪಕ್ಕದ ಫಾರಂನಲ್ಲಿದ್ದ ಕಂಪಲಾಪುರದ ನಂಜಣ್ಣ ಕಡೆಯ ವಿಮಾನದಲ್ಲಿ ಊರಿಗೆ ಬಂದಿದ್ದ. ಪುಟ್ಟಲಕ್ಷ್ಮಿ ಅವನ ಮನೆಯ ಜಗಲಿಯಲ್ಲಿ ಕೂತು ಕೇಳಿದಳು.

"ಪಟ್ಟೀಲಿ ಎಸ್ರಿಲ್ಲ ಅಂತ ಆ ಕಡೀಕೆ ಬಸ್ಸೇ ತಿರುಗುಸ್ನಿಲ್ಲ ಕಣಕ್ಕ," ಎಂದ. "ನಾನೂ ಯೋಳ್ದೆ. ಅವ್ನು ಬತ್ತಾವ್ನೆ, ನೀನು ಬಸ್ ಅತ್ತು ಅಂದ್ರು."

"ವಿಮಾನದಾಗೆ ಜಾಗ ಇರ್ನಿಲ್ವಾ?"

ನಂಜಣ್ಣ ಹೆಬ್ಬೆರಳಿನ ಉಗುರು ನೋಡಿಕೊಂಡ.

"ಇತ್ತು. ನನ್ ಪಕ್ದಲ್ಲೇ ಎಲ್ಡು ಸೀಟು ಖಾಲಿ. ಬ್ಯಾಗು ಮಡಗಿದ್ದೆ."