ಏರು ಹತ್ತದ ವ್ಯಾನು, ಲಾಲಮ್ಮನ ತಲೆನೋವು

ಅಯ್ಯಪ್ಪನ ಹಳೇ ಪೆಟ್ರೋಲ್ ವ್ಯಾನು ಸುರಪುರದ ಏರು ಹತ್ತಲು ಒಲ್ಲೆ ಎನ್ನತೊಡಗಿತ್ತು. ಆಕ್ಸಿಲರೇಟರ್ ಎಷ್ಟು ಒತ್ತಿದರೂ ಸದ್ದಷ್ಟೇ, ಓಟವಿಲ್ಲ. ಗಂಡ ಹೆಂಡತಿ ಅದರಲ್ಲೇ ಕೆಂಭಾವಿ ಸಂತೆಗೆ ಸ್ಟೀಲ್ ಪಾತ್ರೆ ಒಯ್ದು ಮಾರುತ್ತಿದ್ದರು. ಪೆಟ್ರೋಲೇ ಸರಿಯಿಲ್ಲ ಎಂದು ಅಯ್ಯಪ್ಪ ಬೇರೆ ಬಂಕಿಗೆ ಹೋದ. ಪ್ಲಗ್ ಬದಲಿಸಿದ, ಏರ್ ಫಿಲ್ಟರ್ ಬದಲಿಸಿದ. ಏನೂ ಉಪಯೋಗವಾಗಲಿಲ್ಲ.

ಹೆಂಡತಿ ಲಾಲಮ್ಮನಿಗೆ ಈಚೆಗೆ ದಾರಿಯುದ್ದಕ್ಕೂ ತಲೆ ಸಿಡಿಯುತ್ತಿತ್ತು. ಖಾಲಿ ಹೊಟ್ಟೆಗೆ ಹಾಗಾಗುತ್ತದೆ ಎಂದು ಅಯ್ಯಪ್ಪ ಸುಮ್ಮನಾಗಿಸುತ್ತಿದ್ದ.

ಒಂದು ದಿನ ಸಂತೆ ಮುಗಿಸಿ ಚಳಿಗೆ ಕಿಟಕಿ ಮುಚ್ಚಿಕೊಂಡು ಬರುತ್ತಿದ್ದರು. ವ್ಯಾನು ಏರಿನಲ್ಲಿ ತೆವಳುತ್ತಿತ್ತು. ಅಯ್ಯಪ್ಪ ಏನೋ ಕೇಳಿದ. ಲಾಲಮ್ಮ ಉತ್ತರ ಕೊಡಲಿಲ್ಲ. ತಿರುಗಿ ನೋಡಿದರೆ ಅವಳ ಕತ್ತು ವಾಲಿತ್ತು. ಅಯ್ಯಪ್ಪ ತಕ್ಷಣ ಗಾಡಿ ನಿಲ್ಲಿಸಿ, ಅವಳನ್ನು ಎತ್ತಿ ತಂದು ಬಯಲಗಾಳಿಗೆ ಮಲಗಿಸಿದ. ಅವಳು ಮೆಲ್ಲಗೆ ಕಣ್ಣು ಬಿಟ್ಟಳು. ಪಕ್ಕದ ಮನೆಯ ಆಶಾ ಕಾರ್ಯಕರ್ತೆ ಪಂಚಶೀಲಾಗೆ ಅವನು ಫೋನ್ ಮಾಡಿದ.

“ಅಣ್ಣ, ಅಕ್ಕಗ ತಲಿನೋವು ಗಾಡ್ಯಾಗ ಕುಂತಾಗಷ್ಟ ಬರ್ತದೋ, ಮನ್ಯಾಗೂ ಇರ್ತದೋ?” ಎಂದು ಅವಳು ಕೇಳಿದಳು.

“ಗಾಡ್ಯಾಗಷ್ಟ. ಇಳದ್ರ ಕಡಿಮಿ ಆಗ್ತದ.”

“ಹಂಗಾದ್ರ ಅದು ಹೊಗಿ ವಿಷ ಇದ್ದೀತು. ಆ ಗಾಡ್ಯಾಗ ಮತ್ತ ಕೂಡಸಬ್ಯಾಡ್ರಿ. ನಾ ಅಂಬ್ಯುಲೆನ್ಸ್ ಕಳಸ್ತೀನಿ.”

ಹೊಗೆಯ ವಾಸನೆಯೇ ಬರಲಿಲ್ಲವಲ್ಲ ಎಂದು ಅಯ್ಯಪ್ಪ ಅನುಮಾನಪಟ್ಟ. ಆ ವಿಷಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ ಎಂದಳು ಪಂಚಶೀಲಾ. ಆಸ್ಪತ್ರೆಯ ಡಾಕ್ಟರೂ ಅದನ್ನೇ ಹೇಳಿ ಆಮ್ಲಜನಕ ಕೊಟ್ಟರು. ಲಾಲಮ್ಮ ಚೇತರಿಸಿಕೊಂಡಳು.

ಮರುದಿನ ಮೆಕ್ಯಾನಿಕ್ ಸುಲ್ತಾನಸಾಬ ವ್ಯಾನನ್ನು ಬಯಲಿನಲ್ಲಿ ನಿಲ್ಲಿಸಿ ಎಂಜಿನ್ ಶುರು ಮಾಡಿದ. ಸೈಲೆನ್ಸರಿನ ಬಾಯಿಂದ ಜೋರಾಗಿ ಬರಬೇಕಾದ ಗಾಳಿ ಕುಂಟುತ್ತ ಬರುತ್ತಿತ್ತು. ಎಂಜಿನ್ ತಣಿದ ಮೇಲೆ ಸೈಲೆನ್ಸರ್ ಬಿಚ್ಚಿಟ್ಟು ಮತ್ತೆ ಶುರು ಮಾಡಿದ. ಸದ್ದು ವಿಪರೀತ, ಆದರೆ ಎಂಜಿನ್ ಹಳೆಯ ಹುರುಪಿನಿಂದ ತಿರುಗಿತು. ಸೈಲೆನ್ಸರಿನೊಳಗೆ ತಗಡು ತುಕ್ಕು ಹಿಡಿದು ಮುರಿದು, ಮಸಿ ಕಟ್ಟಿ, ದಾರಿ ಮುಚ್ಚಿತ್ತು. ಹೊರಗೆ ಹೋಗಲಾರದ ಹೊಗೆ ಲಾಲಮ್ಮ ಕೂರುವ ಸೀಟಿನ ಕೆಳಗಿನ ಕೊಳವೆಯ ಸಡಿಲ ಜೋಡಣೆಯಿಂದ ಒಳಗೆ ನುಗ್ಗುತ್ತಿತ್ತು.

“ಹಳೇ ಹೊಗಿ ಹೊರಗ ಹೋಗ್ಲಿಲ್ಲಂದ್ರ ಹೊಸ ಗಾಳಿ ಒಳಗ ಹೆಂಗ ಬರ್ತದ? ನೀ ಎಂಜಿನ್ನು ಉಸಿರು ತಗೊಳ್ಳೋ ಕಡಿ ನೋಡ್ದಿ, ಬಿಡೋ ಕಡಿ ನೋಡ್ಲೇ ಇಲ್ಲ,” ಎಂದ ಸುಲ್ತಾನಸಾಬ.

ಅಯ್ಯಪ್ಪ ಹೊಸ ಸೈಲೆನ್ಸರ್ ಹಾಕಿಸಿದ, ಜೋಡಣೆ ಬಿಗಿಸಿದ. ಮನೆಗೆ ಬಂದು ಲಾಲಮ್ಮನಿಗೆ ಹೇಳಿದ: “ಇನ್ನ ಮ್ಯಾಲ ನೀ ತಲಿ ನೋಯ್ತದಂದ್ರ ಮೊದಲ ಗಾಡಿ ನಿಂದರಸ್ತೀನಿ. ಮಾತು ಆಮ್ಯಾಲ.”

ಗಾಡಿ ಇಟ್ಟುಕೊಂಡ ಅಣ್ಣಂದಿರೇ, ಅಕ್ಕಂದಿರೇ, ಎಂಜಿನ್ ಕೂಗುತ್ತದೆ ಆದರೆ ಎಳೆಯುವುದಿಲ್ಲ ಎಂದರೆ ಪೆಟ್ರೋಲು, ಪ್ಲಗ್ಗಿನ ಜೊತೆಗೆ ಸೈಲೆನ್ಸರನ್ನೂ ತೋರಿಸಿ. ಬಿಸಿ ಕೊಳವೆಗೆ ನೀವೇ ಕೈ ಹಾಕಬೇಡಿ. ಮುಚ್ಚಿದ ಶೆಡ್ಡಿನಲ್ಲಿ ಎಂಜಿನ್ ಓಡಿಸಬೇಡಿ. ಗಾಡಿಯಲ್ಲಿ ಕೂತವರಿಗೆ ತಲೆ ನೋವು ಬಂದರೆ ಅಥವಾ ತಲೆ ಸುತ್ತಿದರೆ ಊರು ಮುಟ್ಟುವವರೆಗೆ ಕಾಯಬೇಡಿ. ಅಲ್ಲೇ ನಿಲ್ಲಿಸಿ, ಅವರನ್ನು ಗಾಳಿಗೆ ಇಳಿಸಿ, ಆಸ್ಪತ್ರೆಗೆ ಬೇರೆ ಗಾಡಿ ಕರೆಸಿ.