ಸಿಹಿ ಒಲ್ಲದ ಜಿರಲೆಗಳು

ನನ್ನ ಗಂಡನ ಕಸುಬು ಜಿರಲೆ ಕೊಲ್ಲುವುದು. ಊರಿನವರ ಅಡುಗೆಮನೆಯೆಲ್ಲ ಚೊಕ್ಕಟ, ನಮ್ಮದರಲ್ಲಿ ಮಾತ್ರ ಜಿರಲೆಗಳ ತುಂಬು ಸಂಸಾರ. ಹೇಳಿದರೆ ಇವರಿಗೆ ಮೂಗಿನ ತುದಿಯಲ್ಲೇ ಕೋಪ. ಗ್ಲೂಕೋಸಿಗೆ ವಿಷ ಬೆರೆಸಿದ ಅಂಟು ಇವರೇ ಕಲಸುವುದು. ಹೊಸದಾಗಿ ಕಲಸಿದಾಗಲೆಲ್ಲ ಮೊದಲು ನಮ್ಮ ಸಿಂಕಿನ ಕೆಳಗೆ ಸವರಿ ನೋಡುತ್ತಾರೆ, ಹನ್ನೆರಡು ವರ್ಷದಿಂದ. ಈಚೆಗೆ ಒಂದೂ ಸಾಯುತ್ತಿರಲಿಲ್ಲ. "ಇವು ನನ್ನ ಗುರುತು ಹಿಡಿದುಬಿಟ್ಟಿವೆ ಕಣೇ" ಎನ್ನುವರು.

ಮೂರು ತಿಂಗಳ ಹಿಂದೆ ದೊಡ್ಡ ಬೇಕರಿಯೊಂದರ ಕೆಲಸ ಸಿಕ್ಕಿತು. ಮೊದಲ ವಾರವೇ ಅಲ್ಲಿಯ ಜಿರಲೆಗಳು ನಿರ್ನಾಮ. ಇವರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮೊನ್ನೆ ಬೇಕರಿ ಯಜಮಾನಿಯ ಫೋನು: "ಮತ್ತೆ ಬಂದಿವೆ. ಮುಂದಿನ ಶುಕ್ರವಾರ ತಪಾಸಣೆ. ಒಂದೇ ಒಂದು ಕಂಡ್ರೂ ಬೇರೆಯವರನ್ನ ಕರೀತೀನಿ."

ಇವರು ಸಪ್ಪೆ ಮೋರೆ ಹಾಕಿಕೊಂಡು ಅಲ್ಲಿಯದೊಂದನ್ನು ಬಾಟಲಿಯಲ್ಲಿ ಹಿಡಿದು ತಂದರು. ನಮ್ಮ ಮಗಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಅವಳು ಬಾಟಲಿಯೊಳಗೆ ಚೂರು ಅಂಟು ಇಟ್ಟಳು. ಜಿರಲೆ ಮೀಸೆ ತಾಗಿಸಿ, ಕೈ ಸುಟ್ಟುಕೊಂಡವರಂತೆ ಹಿಂದೆ ಸರಿಯಿತು. ನಮ್ಮ ಮನೆಯದೂ ಹಾಗೇ ಮಾಡಿತು. ಅವಳ ಕಾಲೇಜಿನ ಕ್ಯಾಂಟೀನಿನಿಂದ ತಂದದ್ದು ಮಾತ್ರ ಗಬಗಬ ತಿಂದು ಸತ್ತಿತು.

"ನಮ್ಮವು ಬುದ್ಧಿ ಕಲಿತಿವೆ ನೋಡು!" ಎಂದರು ಇವರು.

"ಯಾವುದೂ ಏನೂ ಕಲಿತಿಲ್ಲಪ್ಪ. ಸಿಹಿ ಅಂದ್ರೆ ಬಾಯಿಬಿಡೋವು ತಿಂದು ಸತ್ವು. ಹುಟ್ಟಿನಿಂದಲೇ ಸಿಹಿ ಕಂಡ್ರಾಗದ ಒಂದೆರಡು ಉಳಿದು ಮರಿ ಮಾಡಿದ್ವು. ಮರಿಗಳಿಗೂ ಅದೇ ಗುಣ. ಹನ್ನೆರಡು ವರ್ಷ ನೀನೇ ಆರಿಸಿ ಆರಿಸಿ ಬೆಳೆಸಿದ್ದೀಯ."

"ಬೇಕರೀಲಿ ಕೆಲಸ ಮಾಡಿದ್ದು ಮೂರೇ ತಿಂಗಳಲ್ಲವೇನೇ?"

ನನ್ನ ಕಣ್ಣು ಆಗಲೇ ಇವರ ಕೆಲಸದ ಚೀಲದ ಮೇಲಿತ್ತು. ದಿನಾ ಸಂಜೆ ಮನೆಗೆ ಬಂದವರು ಅದನ್ನಿಡುವುದು ಸಿಂಕಿನ ಕೆಳಗೇ. ಎಳೆದು ಪೇಪರಿನ ಮೇಲೆ ಬೋರಲು ಹಾಕಿದೆ. ಬ್ರಷ್ಷು, ಡಬ್ಬಿ, ಕೈಗವಸು. ಹಿಂದೆಯೇ ನಮ್ಮ ಮನೆಯ ಹನ್ನೊಂದು ಮಂದಿ ಸಾಲಾಗಿ ಹೊರಟರು. ಬೇಕರಿಯಲ್ಲಿ ಖಾಲಿಯಾದ ಜಾಗಕ್ಕೆ ನಮ್ಮವರನ್ನೇ ಕೂರಿಸಿ ಬಂದಿದ್ದರು ಮಹಾಶಯರು.

ಇವರು ಕುಸಿದು ಕೂತರು. "ಇಷ್ಟು ವರ್ಷ ಕಟ್ಟಿಕೊಂಡ ಹೆಸರು ಹೋಯ್ತಲ್ಲೇ." ನನಗೆ ನಗು ತಡೆಯಲಾಗಲಿಲ್ಲ, ಪಾಪ ಅಂತಲೂ ಅನ್ನಿಸಿತು. ಎದ್ದು ಕಡಲೆಕಾಯಿ ಬೀಜ ಹುರಿದು, ಉಪ್ಪು ಹಾಕಿ ರುಬ್ಬಿಕೊಟ್ಟೆ. "ಇದಕ್ಕೆ ವಿಷ ಕಲಸಿ. ಇನ್ಮೇಲೆ ಒಂದೇ ರುಚಿಗೆ ಅಂಟಿಕೊಂಡು ಕೂರಬೇಡಿ." ಹಳೆಯ ಚೀಲ ಕಸಕ್ಕೆ ಹೋಯಿತು, ಹೊಸ ಅಂಟು ಅಂದೇ ಬೇಕರಿಯ ಮೂಲೆಮೂಲೆಗೂ ಬಿತ್ತು.

ಶುಕ್ರವಾರ ಹೊಸ ಚೀಲದ ಕಾವಲಿಗೆಂದು ನಾನೂ ಹೋದೆ. ತಪಾಸಣೆಯವರು ಒಲೆಯ ಹಿಂದೆಲ್ಲ ಟಾರ್ಚು ಬಿಟ್ಟು ನೋಡಿದರು. ಒಂದು ಮೀಸೆಯೂ ಕಾಣಲಿಲ್ಲ.

ಯಜಮಾನಿ ನಿಟ್ಟುಸಿರು ಬಿಟ್ಟು, "ಅಬ್ಬಾ, ಎಂಥ ಮೊಂಡು ಜಿರಲೆಗಳಪ್ಪ! ಎಲ್ಲಿಂದ ಬಂದಿದ್ವೋ!" ಎಂದರು.

ಇವರು ಸೂರು ನೋಡತೊಡಗಿದರು.

"ಒಳ್ಳೆ ಮನೆತನದವು ಅಮ್ಮಾ," ಎಂದೆ ನಾನು.